ವರ್ಷಕ್ಕೆ ಎರಡೇ ಸಲ

ಥಾ ದೂವಾ, ಲಾವೋಸ್ ದಡ
ಸೆಪ್ಟೆಂಬರ್ ೩

ಮಾಲಿವನ್‌ಗೆ ಆಶೀರ್ವಾದಗಳು.

ನನ್ನ ಕೈಬರಹ ನೋಡಿದ ಕೂಡಲೇ ನೀನು ಹುಬ್ಬು ಗಂಟಿಕ್ಕುತ್ತೀಯೆಂದು ಗೊತ್ತು. ಆದರೂ ಕೊನೆಯವರೆಗೆ ಓದು. ನಾನು ನದಿಯ ಈಚೆ ಸಿಕ್ಕಿಬಿದ್ದಿದ್ದೇನೆ. ನಿನ್ನ ಅಮ್ಮ ಆಚೆ, ನೊಂಗ್ ಖಾಯಿಯ ಮನೆಯಲ್ಲಿ ಒಬ್ಬಳೇ ಇದ್ದಾಳೆ.

ಏಪ್ರಿಲ್‌ನಲ್ಲಿ ಶಾಲೆಯವರು ನನ್ನನ್ನು ಬಿಡಿಸಿದರು. ಮಕ್ಕಳು ಹೇಳಿದ್ದು ಕಿವಿಗೆ ಬೀಳದವನು ಇಂಗ್ಲಿಷ್ ಕಲಿಸುವುದು ಹೇಗೆ? ಅವರ ತಪ್ಪೇನಿಲ್ಲ. ಆದರೆ ನನ್ನಂಥ ಫಿಲಿಪ್ಪೀನ್ಸಿನವನಿಗೆ ಥಾಯ್ ನೆಲದಲ್ಲಿ ವರ್ಷಗಟ್ಟಲೆ ಇರಲು ಕೊಟ್ಟ ಅನುಮತಿ ಆ ಕೆಲಸಕ್ಕೇ ಅಂಟಿಕೊಂಡಿತ್ತು. ಕೆಲಸ ಹೋದ ದಿನ ಅದೂ ಹೋಯಿತು. ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಸೇತುವೆ ದಾಟಿ ಲಾವೋಸಿಗೆ ಬಂದು, ಊಟ ಮಾಡಿ, ವಾಪಸು ಹೋಗುವುದು. ಪ್ರವಾಸಿಯೆಂದು ಮುದ್ರೆ ಒತ್ತಿ ಒಂದು ತಿಂಗಳು ಕೊಡುತ್ತಾರೆ. ಕಚೇರಿಗೆ ಹೋಗಿ ಕೇಳಿಕೊಂಡರೆ ಇನ್ನೊಂದು ತಿಂಗಳು. ಮೇ ತಿಂಗಳಲ್ಲಿ ಒಮ್ಮೆ ಹೀಗಾಯಿತು, ಜುಲೈಯಲ್ಲಿ ಒಮ್ಮೆ. ಮೊನ್ನೆ ಮೂರನೆಯ ಸಲ ಹೋದಾಗ ಅಧಿಕಾರಿ ಕಿಟಕಿಯಿಂದ ಬಗ್ಗಿ ನನ್ನ ಎಡಗಿವಿಗೆ ಕೂಗಿದ: "ರಸ್ತೆ ಮೇಲೆ ಬರೋರಿಗೆ ವರ್ಷಕ್ಕೆ ಎರಡೇ ಸಲ, ಮೇಷ್ಟ್ರೇ! ನಿಮ್ದು ಮುಗೀತು! ಜನವರಿ ಒಂದಕ್ಕೆ ಬನ್ನಿ!" ಸಾಲದ್ದಕ್ಕೆ ಎರಡು ಬೆರಳೆತ್ತಿ ತೋರಿಸಿದ. ಹಿಂದೆ ನಿಂತಿದ್ದ ಸಾಲೆಲ್ಲ ನಕ್ಕಿತು.

ವಿಮಾನದಲ್ಲಿ ಬರುವವರಿಗೆ ಈ ಲೆಕ್ಕವಿಲ್ಲವಂತೆ. ಆದರೆ ಬಲಗಿವಿಯ ಎಲುಬು ಕೊರೆದು ಆಪರೇಷನ್ ಮಾಡಿದ ಮೇಲೆ ವಿಮಾನ ಹತ್ತಿದರೆ ಎಚ್ಚರ ತಪ್ಪಿ ಬೀಳುತ್ತೀರಿ, ಉಳಿದ ಕಿವಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಅಮ್ಮನ ಮೂತ್ರಪಿಂಡಗಳು ಕೆಲಸ ಬಿಟ್ಟು ಎರಡು ವರ್ಷವಾಯಿತು. ಹೊಟ್ಟೆಗೆ ಹಾಕಿರುವ ನಳಿಗೆಯಿಂದ ದಿನಕ್ಕೆ ನಾಲ್ಕು ಸಲ ಚೀಲದ ನೀರು ಒಳಗೆ ಬಿಟ್ಟು ಹಳೆಯದನ್ನು ಹೊರಗೆ ಬಿಡಬೇಕು. ಅದನ್ನು ನಾನೇ ಮಾಡುತ್ತಿದ್ದೆ. ಈಗ ಪಕ್ಕದ ಮನೆಯವರು ಮಾಡುತ್ತಿದ್ದಾರೆ, ಎಷ್ಟು ದಿನ ಮಾಡಿಯಾರು? ನೀನು ರಯೋಂಗಿನಿಂದ ಬಾ. ಬಾಗಿಲು ಮುಚ್ಚು, ಮೂಗು ಬಾಯಿ ಕಟ್ಟಿಕೋ, ಕೈ ಚೆನ್ನಾಗಿ ತೊಳೆ, ಎಷ್ಟೇ ಸೆಕೆಯಾದರೂ ಫ್ಯಾನ್ ಹಾಕಬೇಡ. ಧೂಳು ಒಳಗೆ ಹೋದರೆ ಹೊಟ್ಟೆ ನಂಜಾಗುತ್ತದೆ. ಹುಳಿಸಿದ ಮೀನಿನ ಭರಣಿ ಅಕ್ಕಿ ಡಬ್ಬದ ಹಿಂದಿದೆ. ಎಷ್ಟು ಬೇಡಿದರೂ ಕೊಡಬೇಡ.

ಈ ಕಾಗದವನ್ನು ತರಕಾರಿ ಮಾರುವ ಲಮ್ದುವಾನ್ ಅತ್ತೆ ಆಚೆ ಒಯ್ದು ಅಂಚೆಗೆ ಹಾಕುತ್ತಾರೆ. ಅವರು ಗಡಿಯೂರಿನವರಿಗೆ ಕೊಡುವ ಗಡಿಚೀಟಿ ಹಿಡಿದು ದಿನ ಬಿಟ್ಟು ದಿನ ಸೇತುವೆ ದಾಟುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ.

ನಿನ್ನ ಮೇಷ್ಟ್ರು,
ಕ್ರಿಸಾಂತೊ


ನೊಂಗ್ ಖಾಯ್
ಸೆಪ್ಟೆಂಬರ್ ೧೪

ಮೇಷ್ಟ್ರಿಗೆ,

ಬಂದಿದ್ದೇನೆ. ಕಾರ್ಖಾನೆಯ ಕೆಲಸ ಬಿಟ್ಟು ಬಂದಿದ್ದೇನೆ, ಅದು ಅಮ್ಮನಿಗಾಗಿ. ಹದಿನೆಂಟು ವರ್ಷದಲ್ಲಿ ನಿಮ್ಮಿಂದ ನನಗೆ ಬಂದ ಮೊದಲ ಕಾಗದ, ಅದರಲ್ಲೂ ಪಾಠವೇ! ಬಾಗಿಲು ಮುಚ್ಚು, ಕೈ ತೊಳೆ. ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ಮತ್ತೆ ಕೂತ ಹಾಗಾಯಿತು. ನೀವು ನಮ್ಮ ಮನೆ ಸೇರಿದ ವರ್ಷ ಹುಡುಗಿಯರು ನನ್ನನ್ನು ಏನೆಂದು ಕರೆಯುತ್ತಿದ್ದರು ಗೊತ್ತೇ? "ಮೇಷ್ಟ್ರ ಹೋಂವರ್ಕು." ಹದಿನೆಂಟು ತುಂಬಿದ ಕೂಡಲೇ ಊರು ಬಿಟ್ಟದ್ದು ಅದಕ್ಕೇ.

ಫೋನಿನಲ್ಲಿ ಬರೆಯೋಣವೆಂದರೆ ಅಮ್ಮ ಒಪ್ಪುವುದಿಲ್ಲ. ಕಾಗದವೇ ಬೇಕಂತೆ, ದಿಂಬಿನ ಕೆಳಗೆ ಇಟ್ಟುಕೊಳ್ಳಲು. ನಿಮ್ಮದನ್ನು ಮೂರು ಸಲ ಓದಿಸಿಕೊಂಡಳು. ಮೀನಿನ ಭರಣಿಯ ವಿಷಯ ಬಂದಾಗ ಸಿಟ್ಟಾದಳು. "ಅಕ್ಕಿ ಡಬ್ಬದ ಹಿಂದಾ? ಅಯ್ಯೋ ಕಳ್ಳ ಮುಂಡೇದೇ! ನಾನು ಮಂಚದ ಕೆಳಗೆಲ್ಲ ಹುಡುಕಿದ್ನಲ್ಲೇ!"

ನೀರು ತಿಳಿಯಾಗಿ ಬರುತ್ತಿದೆ. ಕಾಲಿನ ಬಾವು ಹಾಗೇ ಇದೆ. ಜನವರಿ ಒಂದು ಯಾವ ವಾರ ಎಂದು ದಿನಾ ಕೇಳುತ್ತಾಳೆ. ಶುಕ್ರವಾರ ಎಂದು ದಿನಾ ಹೇಳುತ್ತೇನೆ.

ಮಾಲಿವನ್


ಥಾ ದೂವಾ
ಅಕ್ಟೋಬರ್ ೧

ಪ್ರಿಯ ಮಾಲಿವನ್,

ನೀನು ಬಂದೆಯೆಂದು ತಿಳಿದು ಎರಡು ದಿನ ಸರಿಯಾಗಿ ನಿದ್ದೆ ಮಾಡಿದೆ. ಈಗ ಬೌದ್ಧ ವಿಹಾರದ ಹಿಂದೆ ಒಂದು ಕೋಣೆ ಸಿಕ್ಕಿದೆ. ಹೊರಗೆ ನಿಂತರೆ ನದಿಯಾಚೆ ನಮ್ಮ ಮನೆಯ ತಗಡು ಕಾಣುತ್ತದೆ. ಸಂಜೆ ಅಮ್ಮನನ್ನು ಮೆಟ್ಟಿಲ ಮೇಲೆ ಕೂರಿಸು, ನಾನು ಕೆಂಪು ಚೌಕಳಿ ಪಂಚೆ ಬೀಸುತ್ತೇನೆ.

ಮೊನ್ನೆ ಪಟ್ಟಣದ ಥಾಯ್ ವೀಸಾ ಕಚೇರಿಗೆ ಹೋಗಿದ್ದೆ. ಅಲ್ಲಿ ಮೊದಲೇ ವೀಸಾ ಬರೆಸಿಕೊಂಡರೆ ಈ ಎರಡು ಸಲದ ಲೆಕ್ಕಕ್ಕೆ ಬರುವುದಿಲ್ಲ. ಕಿಟಕಿಯ ಹೆಂಗಸು ಒಳ್ಳೆಯವಳು. ನನ್ನ ಕಿವಿ ನೋಡಿ ಚೀಟಿಯಲ್ಲಿ ಬರೆದು ಕೇಳಿದಳು, "ಪ್ರವಾಸಕ್ಕೆ ಹೋಗಿ ಏನೇನು ನೋಡುತ್ತೀರಿ?" ನಾನು "ನನ್ನ ಹೆಂಡತಿಯನ್ನು" ಎಂದು ಬರೆದೆ. ಅವಳು ನನ್ನ ಮುಖ ನೋಡಿ ಇನ್ನೊಂದು ಸಾಲು ಬರೆದಳು: "ಹಾಗಾದರೆ ನೀವು ಪ್ರವಾಸಿ ಅಲ್ಲ. ಮದುವೆ ನೋಂದಣಿ ಪತ್ರ ತನ್ನಿ." ವಯಸ್ಸಾದವರಿಗೆ ಬೇರೆ ದಾರಿ ಇದೆ, ಆದರೆ ಅದಕ್ಕೆ ಬ್ಯಾಂಕಿನಲ್ಲಿ ತೋರಿಸಬೇಕಾದ ಗಂಟು ನನ್ನ ಬಳಿ ಈ ಜನ್ಮದಲ್ಲಿ ಆಗುವುದಿಲ್ಲ.

ಅಮ್ಮನಿಗೆ ಚಳಿ ಬೀಳುವ ಮೊದಲು ಹಸಿರು ಹೊದಿಕೆ ತೆಗೆದುಕೊಡು.

ಮೇಷ್ಟ್ರು


ನೊಂಗ್ ಖಾಯ್
ಅಕ್ಟೋಬರ್ ೯

ಮೇಷ್ಟ್ರೇ,

ಎಂಥ ಮನುಷ್ಯರಪ್ಪಾ ನೀವು! "ಒಂದು ವಿಹಾರ ನೋಡುತ್ತೇನೆ" ಎಂದು ಬರೆದಿದ್ದರೆ ಕೈ ಸವೆದುಹೋಗುತ್ತಿತ್ತೇ? ಇಡೀ ಲೋಕ ಅದನ್ನೇ ಹೇಳಿ ಒಳಗೆ ಬರುತ್ತದೆ.

ಇನ್ನು ಮದುವೆ ಪತ್ರ. ನಿಮ್ಮ ಮದುವೆಗೆ ಊರೆಲ್ಲ ಉಂಡಿದೆ, ಹಂದಿ ಬಿದ್ದಿದೆ, ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿ ದಾರ ಕಟ್ಟಿದ್ದಾರೆ. ತಾಲ್ಲೂಕು ಕಚೇರಿಗೆ ಮಾತ್ರ ಯಾರೂ ಹೋಗಿಲ್ಲ. ನಮ್ಮೂರಿನಲ್ಲಿ ಯಾರು ಹೋಗುತ್ತಾರೆ? ದಾರ ಕಟ್ಟಿದ ಮೇಲೆ ಮುಗಿಯಿತು ಅನ್ನುವವರೇ ಎಲ್ಲ. ನಿನ್ನೆ ನಾನು ಹೋಗಿ ಕೇಳಿದೆ. ಅಮ್ಮನಿಗೆ ಎದ್ದು ಬರಲು ಆಗದಿದ್ದರೆ ಅವರೇ ಮನೆಗೆ ಬಂದು ನೋಂದಾಯಿಸುತ್ತಾರಂತೆ. ನೀವು ಮದುವೆಯಾಗದ ಗಂಡಸು ಎಂದು ನಿಮ್ಮ ದೇಶದವರು ಬರೆದುಕೊಟ್ಟರೆ ಸಾಕು. ಅದನ್ನು ತರಿಸಿ ಇಡಿ. ಜನವರಿಯಲ್ಲಿ ಬಂದ ದಿನವೇ ನೋಂದಣಿ ಮುಗಿಸಿದರೆ ಆಮೇಲೆ ವರ್ಷಕ್ಕೆ ಎರಡು ಸಲ ಎಂಬ ಗೋಳೇ ಇರುವುದಿಲ್ಲ.

ಪಂಚೆ ಬೀಸಿದ್ದು ಕಾಣಿಸಿತಂತೆ. ಅಮ್ಮ ಅರ್ಧ ಗಂಟೆ ಕೈ ಬೀಸಿದಳು. ನಾನು ನೋಡಿದಾಗ ಅಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದ. ಹೇಳಲಿಲ್ಲ.

ಮಾಲಿವನ್


ಥಾ ದೂವಾ
ಅಕ್ಟೋಬರ್ ೨೬

ಪ್ರಿಯ ಮಾಲಿವನ್,

ಭಿಕ್ಷುಗಳ ಮಳೆಗಾಲದ ವ್ರತ ಮುಗಿಯಿತು. ಎರಡು ದಡದವರೂ ದೀಪದ ದೋಣಿ ತೇಲಿಬಿಟ್ಟರು. ನಡುನೀರಿಗೆ ಹೋದ ಮೇಲೆ ಯಾವುದು ಯಾರದೆಂದು ತಿಳಿಯಲಿಲ್ಲ. ನನ್ನದರಲ್ಲಿ, ಕೇಡೆಲ್ಲ ತೇಲಿಹೋಗಲೆಂದು, ಅಮ್ಮನ ಹೆಸರಿಗೆ ಒಂದು ಉಗುರು, ಒಂದು ಎಳೆ ಕೂದಲು ಇಡಬೇಕಿತ್ತು, ಅವಳದ್ದು ಇರಲಿಲ್ಲ, ನನ್ನದನ್ನೇ ಇಟ್ಟೆ. ಇಲ್ಲಿಯ ಬ್ರೆಡ್ಡು ಉದ್ದ, ಗಟ್ಟಿ. ಹಲ್ಲಿಗೆ ಕಷ್ಟ. ಇಲ್ಲಿಯವರೂ ತಿಂಗಳಿಗೊಮ್ಮೆ ನನ್ನ ಪಾಸ್‌ಪೋರ್ಟ್ ತಿರುವಿ ನೋಡುತ್ತಾರೆ.

ಮದುವೆಯಾಗಿಲ್ಲವೆಂಬ ಆ ಪತ್ರವನ್ನು ನನ್ನ ದೇಶದವರು ನನಗೆ ಕೊಡುವುದಿಲ್ಲ.

ಮೇಷ್ಟ್ರು


ನೊಂಗ್ ಖಾಯ್
ನವೆಂಬರ್ ೨

ಮೇಷ್ಟ್ರಿಗೆ,

ಯಾಕೆ ಕೊಡುವುದಿಲ್ಲ ಎಂದು ನೀವು ಬರೆಯಲಿಲ್ಲ. ಅಮ್ಮನನ್ನು ಕೇಳಿದೆ. ಚೀಲದ ನೀರು ಇಳಿಯುವುದನ್ನೇ ನೋಡುತ್ತಾ ಅಡುಗೆ ಮಾತಿನ ಹಾಗೆ ಹೇಳಿದಳು. "ಅಲ್ಲೊಬ್ಬಳು ಇದಾಳೆ ಕಣೇ. ಅವನ ಮೊದಲ್ನೇ ಹೆಂಡ್ತಿ. ಬಿಟ್ಟು ಮೂವತ್ತು ವರ್ಷ ಆಯ್ತು. ಅವರ ದೇಶದಲ್ಲಿ ಬಿಡುಗಡೆ ಪತ್ರ ಅನ್ನೋದೇ ಇಲ್ವಂತೆ. ಒಂದ್ಸಲ ಕಟ್ಕೊಂಡ್ರೆ ಸಾಯೋವರೆಗೂ ಅದೇ."

"ನಿಂಗೆ ಯಾವಾಗ ಗೊತ್ತಾಯ್ತು?" ಅಂದೆ.

"ಮೊದಲ್ನೇ ದಿನವೇ. ನದೀ ಮೆಟ್ಟಿಲ ಮೇಲೆ ಕೂತ್ಕೊಂಡು ಎಲ್ಲ ಹೇಳಿ ಅತ್ತ. ಗಂಡಸು ಅಳೋದು ನೋಡಿ ನಂಗೆ ನಗು ಬಂತು."

ಹಾಗಾದರೆ ಇಷ್ಟು ವರ್ಷ ನಮ್ಮಮ್ಮ ನಿಮಗೆ ಏನಾಗಿದ್ದಳು? ಕಾಗದದಲ್ಲಿ ಯಾರೋ ಇನ್ನೊಬ್ಬಳು ನಿಮ್ಮ ಹೆಂಡತಿ, ಮನೆಯಲ್ಲಿ ವಿದೇಶಿಯರಿದ್ದಾರೆಂದು ಕಚೇರಿಗೆ ಕೊಡುವ ವರದಿಯಲ್ಲಿ ನೀವು ಬಾಡಿಗೆದಾರರು. ಸಿಟ್ಟಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಅಮ್ಮ ಅದನ್ನೂ ಆಡಿಕೊಳ್ಳುತ್ತಾಳೆ. "ನನ್ನ ಗಂಡ, ನಿಂಗ್ಯಾಕೆ ಹೊಟ್ಟೆಯುರಿ?"

ಇನ್ನು ಮುಂದೆ ಅಮ್ಮನ ಆರೋಗ್ಯದ ಬಗ್ಗೆ ಮಾತ್ರ ಬರೆಯುತ್ತೇನೆ. ನೀರು ತಿಳಿ. ತೂಕ ಇಳಿದಿದೆ.

ಮಾಲಿವನ್


ಥಾ ದೂವಾ
ನವೆಂಬರ್ ೨೮

ಮಾಲಿವನ್,

ಮೂರು ವಾರ ನಿನ್ನ ಕಾಗದ ಬರಲಿಲ್ಲ. ನಾನೂ ಬರೆದು ಬರೆದು ಹರಿದೆ. ಲಮ್ದುವಾನ್ ಅತ್ತೆ ಬಂದಾಗೆಲ್ಲ "ಕಾಗದ ಇಲ್ಲ, ಬದನೆಕಾಯಿ ಇದೆ" ಎಂದು ನನ್ನ ಕಿವಿಗೆ ಕಿರುಚುತ್ತಾರೆ.

ನಿನ್ನ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಇಷ್ಟೇ. ಇಲೊಯ್ಲೊದಲ್ಲಿ ಇಪ್ಪತ್ತನೆಯ ವಯಸ್ಸಿನಲ್ಲಿ ಚರ್ಚಿನ ಮುಂದೆ ಸಹಿ ಹಾಕಿದೆ. ಅವಳೂ ಸುಖವಾಗಿರಲಿಲ್ಲ, ನಾನೂ ಇರಲಿಲ್ಲ. ಇಬ್ಬರೂ ಬೇರೆಯಾದೆವು, ಸಹಿ ಮಾತ್ರ ಒಟ್ಟಿಗೇ ಇದೆ. ನಿನ್ನ ಅಮ್ಮನೊಂದಿಗೆ ನಾನು ಯಾವ ಸಹಿಯನ್ನೂ ಹಾಕಲಿಲ್ಲ. ಅವಳು ಅಕ್ಕಿ ತೊಳೆಯುವ ಸದ್ದು ಕೇಳದೆ ನನಗೆ ಬೆಳಗಾಗುತ್ತಿರಲಿಲ್ಲ. ಕಿವಿ ಹೋದ ಮೇಲೂ ಆ ಹೊತ್ತಿಗೇ ಎಚ್ಚರವಾಗುತ್ತದೆ.

ನಾಲ್ಕು ಮನೆಯಾಚೆಯ ಮೀನುಗಾರ ರಾತ್ರಿ ದೋಣಿಯಲ್ಲಿ ದಾಟಿಸುತ್ತೇನೆ ಎಂದ. ಎರಡು ಸಲ ದಡದವರೆಗೆ ಹೋಗಿ ಬಂದೆ. ಸಿಕ್ಕಿಬಿದ್ದರೆ ಜನವರಿಯೂ ಇಲ್ಲ, ಮುಂದಿನ ಎಷ್ಟೋ ಜನವರಿಗಳೂ ಇಲ್ಲ. ಅಮ್ಮನನ್ನೇ ಒಂದು ದಿನದ ಮಟ್ಟಿಗೆ ಇಲ್ಲಿಗೆ ಕರೆತರಲು ಆಗುತ್ತದೆಯೇ? ನಿಮಗೆ ಗಡಿಚೀಟಿ ಸಾಕಲ್ಲ.

ಸಿಟ್ಟಿದ್ದರೆ ಇರಲಿ, ಕಾಗದ ಬರೆ.

ಮೇಷ್ಟ್ರು


ನೊಂಗ್ ಖಾಯ್
ಡಿಸೆಂಬರ್ ೧೧

ಮೇಷ್ಟ್ರೇ,

ಅಮ್ಮನನ್ನು ಕರೆತರುವ ಮಾತು ಇನ್ನಿಲ್ಲ. ನವೆಂಬರ್ ಕೊನೆಯಲ್ಲಿ, ಚಳಿಗಾಲದಲ್ಲೂ ಎಂಥದೋ ಉರಿಸೆಕೆ. ಮಧ್ಯಾಹ್ನದ ಚೀಲ ಹಾಕುವಾಗ ಅಮ್ಮ "ಉಸಿರು ಕಟ್ತಿದೆ ಕಣೇ, ಒಂದ್ನಿಮಿಷ ಗಾಳಿ ಹಾಕೇ" ಅಂದಳು. ಫ್ಯಾನ್ ಹಾಕಿದೆ. ಒಂದೇ ನಿಮಿಷ. ಮೂರನೆಯ ದಿನ ನೀರು ಅಕ್ಕಿ ತೊಳೆದ ಹಾಗೆ ಬಂತು. ಜ್ವರ. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ನಿನ್ನೆ ಮನೆಗೆ ಬಂದೆವು. ಮನೆಗೆ ಕರೆದುಕೊಂಡು ಹೋಗಿ ಎಂದು ಅವರು ಹೇಳಿದ್ದರ ಅರ್ಥ ನನಗೆ ತಿಳಿಯಿತು, ಅಮ್ಮನಿಗೂ ತಿಳಿಯಿತು.

ನೀವು ಬರೆದಿದ್ದಿರಿ, ಫ್ಯಾನ್ ಹಾಕಬೇಡ ಎಂದು. ಓದಿದ್ದೆ. ನಾನೇ ಹಾಕಿದೆ ಮೇಷ್ಟ್ರೇ. ಏನು ಬೈಯಬೇಕೋ ಬೈದು ಬರೆಯಿರಿ.

ಮಾಲಿವನ್


ಥಾ ದೂವಾ
ಡಿಸೆಂಬರ್ ೧೨

ಮಗೂ,

ಫ್ಯಾನ್ ನಾನೂ ಎಷ್ಟೋ ಸಲ ಹಾಕಿದ್ದೇನೆ.

ವಿಮಾನದ ಟಿಕೆಟು ವಿಚಾರಿಸಲು ಈಗ ಪಟ್ಟಣಕ್ಕೆ ಹೊರಟಿದ್ದೇನೆ. ಕಿವಿ ಹೋದರೆ ಹೋಗಲಿ. ಅಮ್ಮನಿಗೆ ಹೇಳು, ಬುಧವಾರ ಬರುತ್ತೇನೆ.

ಕ್ರಿಸಾಂತೊ


ನೊಂಗ್ ಖಾಯ್
ಡಿಸೆಂಬರ್ ೧೩

ಮೇಷ್ಟ್ರೇ,

ಲಮ್ದುವಾನ್ ಅತ್ತೆಯನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ.

"ವಿಮಾನಗಿಮಾನ ಏನೂ ಬೇಡ. ನೀನು ಮೇಲೆ ಹೋಗಿ ತಲೆ ತಿರುಗಿ ಬಿದ್ರೆ ನಿನ್ನನ್ನ ಎತ್ತೋರು ಯಾರು? ನನ್ನ ಮಗಳಿಗೆ ಒಬ್ಳು ರೋಗೀನ ನೋಡ್ಕೊಳ್ಳೋದೇ ಸಾಕಾಗಿದೆ. ಇನ್ನೆಷ್ಟು ದಿನ? ನಾನು ಕಾಯ್ತೀನಿ. ಜನವರಿ ಒಂದು, ಶುಕ್ರವಾರ ಬೆಳಿಗ್ಗೆ ಸೇತುವೆ ಮೇಲೆ ನಡ್ಕೊಂಡು ಬಾ, ಶುಭ್ರವಾಗಿರೋ ಅಂಗಿ ಹಾಕ್ಕೊಂಡು ಬಾ. ಮಾತು ಮೀರಿ ವಿಮಾನ ಹತ್ತಿದ್ರೆ ಬಾಗಿಲು ತೆಗೆಯಲ್ಲ."

ಇಷ್ಟು ಹೇಳಿ ದಣಿದು ಮಲಗಿದಳು. ಅವಳ ಮಾತು ಕೇಳಬೇಕೋ ಬೇಡವೋ ನನಗೆ ತಿಳಿಯದು. ನಿಮಗೆ ಬಿಟ್ಟದ್ದು.

ಮಾಲಿವನ್


ನೊಂಗ್ ಖಾಯ್
ಡಿಸೆಂಬರ್ ೨೮, ಸೋಮವಾರ

ಮೇಷ್ಟ್ರೇ,

ಅಮ್ಮ ಇಂದು ಬೆಳಗಿನ ಜಾವ ಹೋದಳು. ನಿದ್ದೆಯಲ್ಲೇ. ನಿನ್ನೆ ರಾತ್ರಿ ಒಂದು ಚಮಚ ಹುಳಿಸಿದ ಮೀನಿನ ರಸ ಕೊಟ್ಟೆ, ನಾಲಿಗೆ ಚಪ್ಪರಿಸಿದಳು. ಇನ್ನೆಷ್ಟು ದಿನ ಎಂದು ಕೇಳಿದಳು. ನಾಳೆಯೇ ಎಂದು ಸುಳ್ಳು ಹೇಳಿದೆ.

ಮೂರನೆಯ ದಿನಕ್ಕೆ ಸುಡಬೇಕೆಂದು ಊರವರು ಅನ್ನುತ್ತಿದ್ದಾರೆ. ನಾನು ಒಲ್ಲೆ ಅಂದೆ. ಊರ ಮುಖಂಡ ಮೆಟ್ಟಿಲ ಮೇಲೆ ನಿಂತು ಕೂಗಾಡಿದ. "ಗುರುವಾರದೊಳಗೆ ಆಗ್ಬೇಕು! ಶುಕ್ರವಾರ ಹೆಣ ಸುಡೋ ಪದ್ಧತಿ ಎಲ್ಲಾದ್ರೂ ಉಂಟಾ? ಆಮೇಲೆ ಶನಿವಾರದ ತನಕ ದಿನಾ ಊರಿಗೆ ಊಟ ಹಾಕೋರ್ಯಾರು?"

"ನಾನು ಹಾಕ್ತೀನಿ. ಶನಿವಾರವೇ."

"ಯಾರಿಗೋಸ್ಕರ ಕಾಯಿಸ್ತಿದೀಯಾ?"

"ಅವಳ ಗಂಡ ಬರ್ಬೇಕು."

ಆ ಮಾತು ನನ್ನ ಬಾಯಿಂದಲೇ ಬಂತು. ಲಮ್ದುವಾನ್ ಅತ್ತೆ ಆಗಲೇ ಅಕ್ಕಿ ನೆನೆಹಾಕಲು ಹೊರಟರು.

ಸಂಜೆ ದಡಕ್ಕೆ ಬಂದು ನಿಲ್ಲಬೇಡಿ. ಆಚೆಯಿಂದ ಹೆಣದ ಪೆಟ್ಟಿಗೆ ನೋಡುವುದು ಬೇಡ. ಶುಕ್ರವಾರ ನಡೆದು ಬನ್ನಿ.

ಮಾಲಿವನ್


ಥಾ ದೂವಾ
ಫೆಬ್ರುವರಿ ೨

ಪ್ರಿಯ ಮಾಲಿವನ್,

ನಿನ್ನ ಜೊತೆ ಒಂದೇ ಮನೆಯಲ್ಲಿ ಒಂದು ತಿಂಗಳಿದ್ದೆ, ಆದರೂ ಹೇಳಬೇಕಾದ್ದನ್ನು ಹೇಳಲಿಲ್ಲ. ನೀನು ಅಡುಗೆಮನೆಯಲ್ಲಿ ಇರುತ್ತಿದ್ದೆ, ನಾನು ಮೆಟ್ಟಿಲ ಮೇಲೆ. ಮುದ್ರೆಯ ದಿನಗಳು ಮುಗಿದವು, ಇನ್ನೊಂದು ತಿಂಗಳು ಕೇಳಲು ಮನಸ್ಸಾಗಲಿಲ್ಲ, ಮತ್ತೆ ಈಚೆ ಬಂದೆ. ಕಾಗದದಲ್ಲೇ ನಮಗೆ ಮಾತು ಬರುತ್ತದೆಂದು ಕಾಣುತ್ತದೆ.

ಆ ಶುಕ್ರವಾರ ಸೇತುವೆಯ ಕಿಟಕಿಯಲ್ಲಿ ಅದೇ ಅಧಿಕಾರಿ ಇದ್ದ. "ಏನು ಕೆಲಸ?" ಎಂದು ಕೂಗಿದ. "ಪ್ರವಾಸ" ಅಂದೆ. "ಏನೇನು ನೋಡ್ತೀರಾ?" ನಿನ್ನ ಪಾಠ ನೆನಪಾಯಿತು. "ಒಂದು ವಿಹಾರ" ಅಂದೆ. ಅವನು ನನ್ನ ಬಿಳಿ ಅಂಗಿ ನೋಡಿ, ಹೊಸ ವರ್ಷದ ಶುಭಾಶಯ ಹೇಳಿ ಮುದ್ರೆ ಒತ್ತಿದ. ನಾನು ಹೇಳಿದ್ದು ಸುಳ್ಳಲ್ಲ. ಅವಳನ್ನು ಸುಟ್ಟದ್ದು ಅಲ್ಲೇ.

ಚಿತೆಯ ಮುಂದೆ ಊರ ಮುಖಂಡ ಮಚ್ಚು ಮತ್ತು ಎಳನೀರು ನನ್ನ ಕೈಗಿಟ್ಟ. ತೀರ ಹತ್ತಿರದವರು ಸುರಿಯುವ ಆ ನೀರನ್ನು ಅವಳ ಮುಖದ ಮೇಲೆ ಸುರಿದವನು ನಾನೇ. ಎಷ್ಟು ಸಣ್ಣ ಮುಖವಾಗಿತ್ತು! ನಾನು ವಿಮಾನ ಹತ್ತಬೇಕಿತ್ತು ಮಾಲಿವನ್. ಅವಳು ಬಾಗಿಲು ತೆಗೆಯದಿದ್ದರೆ ಹೊರಗೇ ಕೂರುತ್ತಿದ್ದೆ. ಕಾಯುತ್ತೇನೆ ಅಂದವಳ ಮಾತು ನಂಬಿದೆ. ಅವಳು ನನಗೆ ಸುಳ್ಳು ಹೇಳಿದ್ದು ಅದೊಂದೇ.

ಈ ವರ್ಷಕ್ಕೆ ಇನ್ನೊಂದು ಸಲ ಉಳಿದಿದೆ. ಏಪ್ರಿಲ್‌ನಲ್ಲಿ ಅಮ್ಮನ ಹೆಸರಿನ ಅನ್ನದಾನಕ್ಕೆ ದಿನ ಗೊತ್ತು ಮಾಡಿ ತಿಳಿಸು, ಅದಕ್ಕೆ ಬರುತ್ತೇನೆ. ಆಮೇಲೆ ಇಲೊಯ್ಲೊಗೆ ಹಡಗು ಹಿಡಿಯುವುದೋ ಏನೋ. ಅಲ್ಲಿ ನನ್ನವರು ಯಾರೂ ಇಲ್ಲ, ಆದರೆ ಅಲ್ಲಿ ನನ್ನನ್ನು ಯಾರೂ ದಿನ ಎಣಿಸಿ ಹೊರಗೆ ಕಳಿಸುವುದಿಲ್ಲ.

ಮೇಷ್ಟ್ರು


ನೊಂಗ್ ಖಾಯ್
ಮಾರ್ಚ್ ೯

ಮೇಷ್ಟ್ರೇ,

ಅನ್ನದಾನಕ್ಕೆ ನೀವು ಸೇತುವೆ ದಾಟುವುದು ಬೇಡ.

ನದಿ ಇಳಿಯುತ್ತಿದೆ. ಏಪ್ರಿಲ್ ಹೊತ್ತಿಗೆ ನಡುವೆ ಮರಳದಿಬ್ಬ ಏಳುತ್ತದೆ, ಎರಡು ದಡದವರೂ ಅಲ್ಲಿ ಚಾಪೆ ಹಾಸಿ ಉಣ್ಣುತ್ತಾರೆ. ಅಲ್ಲಿಗೆ ಬರುವವರಿಗೆ ಕಿಟಕಿಯೂ ಇಲ್ಲ, ಮುದ್ರೆಯೂ ಇಲ್ಲ. ಭಿಕ್ಷುಗಳು ದೋಣಿಯಲ್ಲಿ ಬರಲು ಒಪ್ಪಿದ್ದಾರೆ. ಅನ್ನ, ಮೀನು ಎಲ್ಲ ನಾನು ತರುತ್ತೇನೆ. ನೀವು ಆ ಗಟ್ಟಿ ಬ್ರೆಡ್ಡು ತನ್ನಿ, ಅಮ್ಮನಿಗೆ ಅದರ ಮೇಲೆ ಆಸೆ ಇತ್ತು. ಅವಳ ಬೂದಿಯ ಮಡಕೆಯನ್ನು ಇನ್ನೂ ನೀರಿಗೆ ಬಿಟ್ಟಿಲ್ಲ. ಇಬ್ಬರೂ ಸೇರಿ ಬಿಡೋಣ. ಅರ್ಧ ನಿಮ್ಮ ದಡದ ಕಡೆ, ಅರ್ಧ ನಮ್ಮ ದಡದ ಕಡೆ. ನೀರು ಅದನ್ನು ಹೇಗೂ ಬೆರೆಸುತ್ತದೆ.

ಮುಖಂಡ ಬೈದ. ನದಿ ನಡುವೆ ಯಾರಾದರೂ ಅನ್ನದಾನ ಮಾಡುತ್ತಾರೆಯೇ ಎಂದು ಕೇಳಿದ. ನಾನು ಮಾಡುತ್ತೇನೆ ಅಂದೆ. ನನಗೀಗ ಅದು ರೂಢಿಯಾಗಿದೆ.

ನಿಮ್ಮನ್ನು ಅಪ್ಪ ಎಂದು ಕರೆಯಲು ನನಗೆ ಬರುವುದಿಲ್ಲ. ಆ ವಯಸ್ಸು ದಾಟಿಹೋಯಿತು, ಸುಮ್ಮನೆ ನಾಟಕವಾಗುತ್ತದೆ. ಆದರೆ ಜನವರಿಯಲ್ಲಿ ನೀವು ಇಲ್ಲಿದ್ದೀರೆಂದು ಮನೆಯ ಯಜಮಾನಿಯಾಗಿ ನಾನು ಕಚೇರಿಗೆ ವರದಿ ಕೊಟ್ಟೆನಲ್ಲ, ಅಲ್ಲಿ "ನಿಮಗೇನಾಗಬೇಕು?" ಎಂದು ಕೇಳಿದರು. ಬಾಡಿಗೆದಾರರು ಎಂದು ಹೇಳಲು ಬಾಯಿ ಬರಲಿಲ್ಲ. "ನಮ್ಮ ಮನೆಯವರು" ಅಂದೆ. ಅಂಥದ್ದೊಂದು ಸಂಬಂಧ ಇಲ್ಲ ಅಂದರು. ಇದೆ ಅಂದೆ.

ಇಲೊಯ್ಲೊಗೆ ಹೋಗುವುದಾದರೆ ಹೋಗಿ, ತಡೆಯುವುದಿಲ್ಲ. ಆದರೆ ಉಳಿದ ಆ ಒಂದು ಸಲವನ್ನು ಸಾವಿಗೆ, ತಿಥಿಗೆ ಖರ್ಚು ಮಾಡಬೇಡಿ. ಮಳೆಗಾಲ ಶುರುವಾದ ಮೇಲೆ ಯಾವುದಾದರೊಂದು ದಿನ ಸುಮ್ಮನೆ ಬನ್ನಿ. ಬೆಳಿಗ್ಗೆ ನಾನು ಅಕ್ಕಿ ತೊಳೆಯುತ್ತಿರುತ್ತೇನೆ.

ಮಾಲಿವನ್